ಉತ್ತೇಜಕಗಳು ಮತ್ತು ಡೋಪಮೀನ್: ಮೊಲಗಳು ಎದ್ದು ಕುಳಿತ ಕಥೆ

ಡೋಪಮೀನ್ ಎಂಬ ಹೆಸರು ಈಗ ಮನೆಮಾತಾಗಿದೆ. ಸಿಹಿ ತಿಂದರೂ ಡೋಪಮೀನ್, ಪರೀಕ್ಷೆಯಲ್ಲಿ ಅಂಕ ಬಂದರೂ ಡೋಪಮೀನ್, ಮೊಬೈಲನ್ನು ಕೆಳಗಿಡಲಾಗದಿದ್ದರೂ ಡೋಪಮೀನ್. ‘ಸಂತೋಷದ ರಾಸಾಯನಿಕ’ ಎಂದು ಅದಕ್ಕೊಂದು ಬಿರುದೂ ಇದೆ. ಕೊಕೇನ್, ಆಂಫೆಟಮೀನ್ ಮೊದಲಾದ ಉತ್ತೇಜಕ ವಸ್ತುಗಳು ಮಿದುಳಿನಲ್ಲಿ ಇದನ್ನು ಹೆಚ್ಚಿಸುತ್ತವೆ, ಆದ್ದರಿಂದಲೇ ಅವು ಚಟ ಹಿಡಿಸುತ್ತವೆ ಎಂಬ ವಿವರಣೆಯನ್ನು ನೀವೂ ಓದಿರುತ್ತೀರಿ. ಸ್ಥೂಲವಾಗಿ ಅದು ಸರಿಯೇ. ಆದರೆ ಆ ಸಂಗತಿ ಹೇಗೆ ತಿಳಿಯಿತು ಎಂಬ ಕಥೆ ಗೊತ್ತಿಲ್ಲದಿದ್ದರೆ ‘ಹೆಚ್ಚಿಸುತ್ತವೆ’ ಎಂಬ ಮಾತನ್ನು ನಾವು ತಪ್ಪಾಗಿ ಅರ್ಥ ಮಾಡಿಕೊಳ್ಳುವ ಸಂಭವವೇ ಹೆಚ್ಚು.

ಒಂದು ವಿಚಿತ್ರವನ್ನು ಗಮನಿಸಿ. ಆಂಫೆಟಮೀನ್ ಪ್ರಯೋಗಶಾಲೆಯಲ್ಲಿ ಮೊದಲು ತಯಾರಾದದ್ದು 1887ರಲ್ಲಿ. ಡೋಪಮೀನಿಗೆ ಮಿದುಳಿನಲ್ಲಿ ತನ್ನದೇ ಆದ ಕೆಲಸವಿದೆ ಎಂದು ಕಂಡುಬಂದದ್ದು 1957-58ರಲ್ಲಿ. ನಡುವಿನ ಎಪ್ಪತ್ತು ವರ್ಷಗಳಲ್ಲಿ ಸೈನಿಕರು, ವಿದ್ಯಾರ್ಥಿಗಳು, ಲಾರಿ ಚಾಲಕರು, ಗೃಹಿಣಿಯರು, ಮಕ್ಕಳು ಎಲ್ಲರೂ ಈ ಮಾತ್ರೆಗಳನ್ನು ನುಂಗಿದರು. ಬರೆದುಕೊಟ್ಟ ವೈದ್ಯರಿಗಾಗಲಿ ತಯಾರಿಸಿದ ಕಂಪನಿಗಳಿಗಾಗಲಿ ಅವು ಮಿದುಳಿನಲ್ಲಿ ಏನು ಮಾಡುತ್ತವೆಂಬುದು ತಿಳಿದಿರಲಿಲ್ಲ. ಕೊನೆಗೆ ಗುಟ್ಟಿನ ಬಾಗಿಲು ತೆರೆದದ್ದು ಉತ್ತೇಜಕಕ್ಕೆ ತೀರ ವಿರುದ್ಧವಾದ, ಮಂಕು ಕವಿಸುವ ಒಂದು ಔಷಧ. ಆ ಔಷಧ ಬಂದದ್ದು ನಮ್ಮ ಕಾಡುಗಳ ಸರ್ಪಗಂಧದ ಬೇರಿನಿಂದ.

ಮೊದಲು ಮಾತ್ರೆ, ಆಮೇಲೆ ತಿಳಿವಳಿಕೆ

ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟಗಳ ಜನ ಕೋಕಾ ಎಲೆಯನ್ನು ಬಹು ಹಿಂದಿನಿಂದ ಅಗಿಯುತ್ತ ಬಂದವರು. ಎಲೆಯಲ್ಲಿರುವ ಸಾರ ಅಲ್ಪ. ಅದು ರಕ್ತಕ್ಕೆ ಸೇರುವುದೂ ನಿಧಾನ. 1860ರಲ್ಲಿ ಜರ್ಮನಿಯ ಆಲ್ಬರ್ಟ್ ನೀಮನ್ ಆ ಎಲೆಯಿಂದ ಕೊಕೇನನ್ನು ಶುದ್ಧ ರೂಪದಲ್ಲಿ ಬೇರ್ಪಡಿಸಿದ್ದನ್ನು ಪ್ರಕಟಿಸಿದ. 1884ರಲ್ಲಿ ವಿಯೆನ್ನಾದ ತರುಣ ವೈದ್ಯ ಸಿಗ್ಮಂಡ್ ಫ್ರಾಯ್ಡ್ ಅದನ್ನು ಹೊಗಳಿ ಪ್ರಬಂಧ ಬರೆದರು. ಮಾರ್ಫೀನ್ ಚಟದಿಂದ ನರಳುತ್ತಿದ್ದ ತಮ್ಮ ಗೆಳೆಯ ಫ್ಲೈಶ್ಲ್-ಮಾರ್ಕ್ಸೋಗೆ ಕೊಕೇನ್ ಮದ್ದಾಗಬಹುದೆಂದು ನಂಬಿ ಕೊಡಿಸಿದರು. ಗೆಳೆಯನಿಗೆ ಎರಡನೆಯ ಚಟವೂ ಅಂಟಿಕೊಂಡಿತು. 1891ರಲ್ಲಿ ಆತ ತೀರಿಕೊಂಡ. ಮುಂದೆ ಮನೋವಿಶ್ಲೇಷಣೆಯಿಂದ ಜಗದ್ವಿಖ್ಯಾತರಾದವರ ಆರಂಭದ ದಿನಗಳಲ್ಲಿ ಇಂಥದೊಂದು ಅಧ್ಯಾಯವಿದೆ ಎಂಬುದು ಅನೇಕರಿಗೆ ತಿಳಿದಿಲ್ಲ.

ಆಂಫೆಟಮೀನಿನ ಕಥೆ ಬೇರೆ ಬಗೆಯದು. 1887ರಲ್ಲಿ ರುಮೇನಿಯಾದ ಲಜಾರ್ ಎಡೆಲೆಯಾನು ಬರ್ಲಿನ್ನಿನಲ್ಲಿ ಅದನ್ನು ತಯಾರಿಸಿದಾಗ ಅದರಿಂದ ಏನು ಉಪಯೋಗ ಎಂದು ಯಾರೂ ಕೇಳಲಿಲ್ಲ. ಅದು ಹಾಗೆಯೇ ನಾಲ್ಕು ದಶಕ ಮರೆತುಹೋಯಿತು. ಚೀನಾದವರು ಉಬ್ಬಸಕ್ಕೆ ಕೊಡುತ್ತಿದ್ದ ಮಾ-ಹ್ವಾಂಗ್ ಎಂಬ ಗಿಡದಿಂದ ದೊರೆತ ಎಫೆಡ್ರೀನ್ 1920ರ ದಶಕದಲ್ಲಿ ಪಾಶ್ಚಾತ್ಯ ವೈದ್ಯರ ಗಮನ ಸೆಳೆದಾಗ, ಅದಕ್ಕೆ ಅಗ್ಗದ ಬದಲಿಯೊಂದನ್ನು ಹುಡುಕುತ್ತಿದ್ದ ಲಾಸ್ ಏಂಜಲೀಸಿನ ಗಾರ್ಡನ್ ಆಲ್ಲೆಸ್ ಆಂಫೆಟಮೀನನ್ನು ಮತ್ತೆ ತಯಾರಿಸಿದರು. 1929ರ ಜೂನ್ ತಿಂಗಳಲ್ಲಿ ಅವರು 50 ಮಿಲಿಗ್ರಾಂ ಔಷಧವನ್ನು ತಮ್ಮ ಮೈಗೇ ಚುಚ್ಚಿಸಿಕೊಂಡರು. ಎದೆ ಡವಗುಟ್ಟಿತು, ಮೂಗು ತೆರೆದುಕೊಂಡಿತು, ಮೈಮನಸ್ಸಿಗೆ ಹಿತವೆನಿಸಿತು. ರಾತ್ರಿ ಮಾತ್ರ ನಿದ್ದೆ ಬರಲಿಲ್ಲ; ಮನಸ್ಸು ಒಂದು ವಿಷಯದಿಂದ ಇನ್ನೊಂದಕ್ಕೆ ಓಡುತ್ತಲೇ ಇತ್ತು ಎಂದು ಬರೆದಿಟ್ಟರು. ಈ ಔಷಧದ ಮುಂದಿನ ಚರಿತ್ರೆಯೆಲ್ಲ ಆ ಒಂದು ರಾತ್ರಿಯ ಟಿಪ್ಪಣಿಯಲ್ಲಿ ಅಡಕವಾಗಿತ್ತು ಎನ್ನಬಹುದು.

ಕೆಲವೇ ವರ್ಷಗಳಲ್ಲಿ ಅಮೆರಿಕದ ಒಂದು ಕಂಪನಿ ‘ಬೆಂಜೆಡ್ರಿನ್’ ಎಂಬ ಹೆಸರಿನಲ್ಲಿ ಕಟ್ಟಿದ ಮೂಗಿಗೆ ಸೇದುವ ಕೊಳವೆಯನ್ನೂ ಬಳಿಕ ಮಾತ್ರೆಯನ್ನೂ ಮಾರತೊಡಗಿತು. ಪರೀಕ್ಷೆಗೆ ನಿದ್ದೆಗೆಡುವ ಕಾಲೇಜು ಹುಡುಗರ ಕೈಗೆ ಅದು ಸೇರಲು ತಡವಾಗಲಿಲ್ಲ. 1937ರಲ್ಲಿ ರೋಡ್ ಐಲೆಂಡ್ ರಾಜ್ಯದ ಮಕ್ಕಳ ಆಸ್ಪತ್ರೆಯೊಂದರಲ್ಲಿ ಚಾರ್ಲ್ಸ್ ಬ್ರಾಡ್ಲಿ ಎಂಬ ವೈದ್ಯರು, ವರ್ತನೆಯ ತೊಂದರೆಯಿದ್ದ 30 ಮಕ್ಕಳಿಗೆ ಬೆಂಜೆಡ್ರಿನ್ ಕೊಟ್ಟು ನೋಡಿದರು. 14 ಮಕ್ಕಳ ಓದು ಬರಹದಲ್ಲಿ ಆಶ್ಚರ್ಯಕರ ಸುಧಾರಣೆ ಕಂಡಿತು. ಒಂದೆಡೆ ಕೂರಲಾರದವರು ಕುಳಿತು ಲೆಕ್ಕ ಮಾಡತೊಡಗಿದರು. ಮಕ್ಕಳು ತಾವೇ ಅದಕ್ಕೆ ‘ಲೆಕ್ಕದ ಮಾತ್ರೆ’ ಎಂದು ಹೆಸರಿಟ್ಟರಂತೆ. ಚುರುಕುಗೊಳಿಸುವ ಔಷಧ ಚಂಚಲ ಮಗುವನ್ನು ಶಾಂತಗೊಳಿಸಿದ್ದು ಹೇಗೆ? ಬ್ರಾಡ್ಲಿಯವರಿಗೆ ಉತ್ತರ ಗೊತ್ತಿರಲಿಲ್ಲ. ಕಂಡದ್ದನ್ನು ಪ್ರಾಮಾಣಿಕವಾಗಿ ದಾಖಲಿಸಿದರು, ಅಷ್ಟೆ.

ಎರಡನೆಯ ಮಹಾಯುದ್ಧ ಈ ಮಾತ್ರೆಗಳನ್ನು ಗೋಣಿಗಟ್ಟಲೆ ಹಂಚಿತು. ಆಂಫೆಟಮೀನಿನ ಸೋದರ ವಸ್ತುವಾದ ಮೆಥಾಂಫೆಟಮೀನ್ ಜರ್ಮನಿಯಲ್ಲಿ 1938ರಿಂದ ‘ಪೆರ್ವಿಟಿನ್’ ಎಂಬ ಹೆಸರಿನಲ್ಲಿ ದೊರೆಯುತ್ತಿತ್ತು. 1940ರ ಬೇಸಗೆಯಲ್ಲಿ ಫ್ರಾನ್ಸಿನ ಮೇಲೆ ನುಗ್ಗಿದ ಜರ್ಮನ್ ಪಡೆಗಳಿಗೆ ಇಂಥ ಸುಮಾರು 3.5 ಕೋಟಿ ಮಾತ್ರೆಗಳು ಹೋದವು. ಬ್ರಿಟಿಷ್ ಮತ್ತು ಅಮೆರಿಕನ್ ಪಡೆಗಳು ಬೆಂಜೆಡ್ರಿನ್ ಬಳಸಿದವು, ಜಪಾನೀಯರದು ‘ಫಿಲೋಪಾನ್’. ಯುದ್ಧ ಮುಗಿದಾಗ ಜಪಾನಿನಲ್ಲಿ ಉಳಿದ ದಾಸ್ತಾನು ಪೇಟೆಗೆ ಹರಿದು, ಬಾಂಬಿನಿಂದ ಸುಟ್ಟ ನಗರಗಳ ಯುವಕರ ಕೈಗೆ ಸಿಕ್ಕಿತು. 1951ರಲ್ಲಿ ಸರ್ಕಾರ ಕಠಿಣ ಕಾಯಿದೆ ತಂದಿತು. ಆದರೂ 1954ರ ಒಂದೇ ವರ್ಷ ಈ ಕಾಯಿದೆಯಡಿ ಬಂಧಿತರಾದವರು ಸುಮಾರು 55,000 ಮಂದಿ.

1958ರಲ್ಲಿ ಲಂಡನ್ನಿನ ಮನೋವೈದ್ಯ ಫಿಲಿಪ್ ಕಾನೆಲ್ 42 ರೋಗಿಗಳ ವಿವರವನ್ನು ಪ್ರಕಟಿಸಿದರು. ಎಲ್ಲರೂ ಆಂಫೆಟಮೀನ್ ಸೇವಿಸಿದವರು. ಯಾರೋ ಹಿಂಬಾಲಿಸುತ್ತಿದ್ದಾರೆ, ಯಾರೋ ತಮ್ಮ ಬಗ್ಗೆ ಪಿಸುಗುಟ್ಟುತ್ತಿದ್ದಾರೆ ಎಂಬ ಭ್ರಮೆ. ನೋಡಿದರೆ ಸ್ಕಿಜೋಫ್ರೇನಿಯಾ ಕಾಯಿಲೆಯಿಂದ ಬೇರೆಯೆನ್ನಲು ಕಷ್ಟ. ಔಷಧ ನಿಂತರೆ ಬಹುಮಟ್ಟಿಗೆ ಭ್ರಮೆಯೂ ಇಳಿಯುತ್ತಿತ್ತು. ಒಂದು ರಾಸಾಯನಿಕ ಸಾಮಾನ್ಯ ಮನುಷ್ಯನ ವಿವೇಕವನ್ನೇ ಹೀಗೆ ಕದಡಬಲ್ಲದಾದರೆ ಅದು ಮಿದುಳಿನ ಯಾವ ತಂತಿಯನ್ನು ಮೀಟುತ್ತಿರಬೇಕು?

ಆಗ ವೈದ್ಯರ ಬಳಿ ಇದ್ದ ಉತ್ತರ, ಆಂಫೆಟಮೀನ್ ಅಡ್ರಿನಲಿನ್ನನ್ನು ಹೋಲುತ್ತದೆ ಎಂಬುದು. ಡೋಪಮೀನ್ ಆಗ ಅಪರಿಚಿತವೇನಲ್ಲ. 1910ರಷ್ಟು ಹಿಂದೆಯೇ ಇಂಗ್ಲೆಂಡಿನಲ್ಲಿ ಅದನ್ನು ತಯಾರಿಸಿದ್ದರು. ಹೆನ್ರಿ ಡೇಲ್ ಅದನ್ನು ಪರೀಕ್ಷಿಸಿ, ಅಡ್ರಿನಲಿನ್‌ನಂತೆಯೇ ಆದರೆ ಬಲು ದುರ್ಬಲ ಎಂದು ಬದಿಗಿಟ್ಟಿದ್ದರು. ದೇಹ ನಾರ್‌ಅಡ್ರಿನಲಿನ್ ತಯಾರಿಸುವಾಗ ನಡುವೆ ಬರುವ ಒಂದು ಮೆಟ್ಟಿಲು ಎಂಬುದಷ್ಟೇ ಅದಕ್ಕಿದ್ದ ಮರ್ಯಾದೆ. ಮೆಟ್ಟಿಲನ್ನು ಮನೆ ಎಂದು ಯಾರು ತಾನೆ ಭಾವಿಸುತ್ತಾರೆ?

ಸರ್ಪಗಂಧದ ಬೇರು

ಸರ್ಪಗಂಧ ನಮ್ಮ ಆಯುರ್ವೇದಕ್ಕೆ ಹಳೆಯ ಪರಿಚಯ. ಪಶ್ಚಿಮ ಘಟ್ಟದ ಕಾಡಿನ ನೆರಳಿನಲ್ಲೂ ಬೆಳೆಯುವ ಈ ಪುಟ್ಟ ಗಿಡದ ಬೇರನ್ನು ಹಾವಿನ ಕಡಿತಕ್ಕೆ, ನಿದ್ದೆ ಬಾರದವರಿಗೆ, ಬುದ್ಧಿಭ್ರಮಣೆಗೆ ಕೊಡುತ್ತಿದ್ದರು. 1931ರಲ್ಲಿ ಕಲ್ಕತ್ತಾದ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್, ಇದು ರಕ್ತದ ಒತ್ತಡವನ್ನು ಇಳಿಸುತ್ತದೆ, ಉದ್ರಿಕ್ತ ಮನೋರೋಗಿಗಳನ್ನು ಶಾಂತಗೊಳಿಸುತ್ತದೆ ಎಂದು ಭಾರತೀಯ ವೈದ್ಯಪತ್ರಿಕೆಯೊಂದರಲ್ಲಿ ಬರೆದರು. ಹೊರದೇಶದವರು ಗಮನಿಸಲಿಲ್ಲ. 1949ರಲ್ಲಿ ಬೊಂಬಾಯಿಯ ಹೃದ್ರೋಗತಜ್ಞ ರುಸ್ತಮ್ ಜಾಲ್ ವಕೀಲ್, ಏರಿದ ರಕ್ತದೊತ್ತಡದ 50 ರೋಗಿಗಳಿಗೆ ಇದನ್ನು ಕೊಟ್ಟು ಪಡೆದ ಫಲಿತಾಂಶಗಳನ್ನು ಬ್ರಿಟನ್ನಿನ ಹೃದ್ರೋಗ ಪತ್ರಿಕೆಯಲ್ಲಿ ಪ್ರಕಟಿಸಿದ ಮೇಲೆ ಜಗತ್ತು ತಿರುಗಿ ನೋಡಿತು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯ ರಸಾಯನತಜ್ಞರು ಬೇರಿನಿಂದ ‘ರೆಸರ್ಪೀನ್’ ಎಂಬ ಸಾರವನ್ನು ಬೇರ್ಪಡಿಸಿದರು. ಎರಡು ವರ್ಷಗಳೊಳಗೆ ಅದು ಅಮೆರಿಕದ ಮಾನಸಿಕ ಆಸ್ಪತ್ರೆಗಳಲ್ಲಿ ಬಳಕೆಗೆ ಬಂತು.

ರೆಸರ್ಪೀನ್ ರೋಗಿಗಳನ್ನು ಶಾಂತಗೊಳಿಸಿತು. ಕೆಲವರನ್ನು ತೀರ ಹೆಚ್ಚಾಗಿಯೇ ಶಾಂತಗೊಳಿಸಿತು. ಅವರ ಮುಖದಲ್ಲಿ ಭಾವವಿಲ್ಲ, ನಡಿಗೆ ಎಳೆದಂತೆ, ಕೈಯಲ್ಲಿ ನಡುಕ. ಮುದುಕರಲ್ಲಿ ಕಾಣುವ ಪಾರ್ಕಿನ್ಸನ್ ಕಾಯಿಲೆಯ ಲಕ್ಷಣಗಳನ್ನು ಅದು ತಾತ್ಕಾಲಿಕವಾಗಿ ತಂದೊಡ್ಡುತ್ತಿತ್ತು. 1955ರಲ್ಲಿ ಅಮೆರಿಕದಲ್ಲಿ ಬರ್ನಾರ್ಡ್ ಬ್ರೋಡಿ ಮತ್ತು ಸಂಗಡಿಗರು, ರೆಸರ್ಪೀನ್ ಕೊಟ್ಟ ಪ್ರಾಣಿಯ ಮಿದುಳಿನಿಂದ ಸೆರೊಟೊನಿನ್ ಎಂಬ ರಾಸಾಯನಿಕ ಬರಿದಾಗುತ್ತದೆಂದು ತೋರಿಸಿದರು. ಔಷಧವೊಂದು ಮಿದುಳಿನ ಉಗ್ರಾಣವನ್ನೇ ಖಾಲಿ ಮಾಡಬಲ್ಲದು ಎಂಬುದು ಹೊಸ ಸಂಗತಿ. ಆ ಪ್ರಯೋಗಶಾಲೆಗೆ ಕೆಲವು ತಿಂಗಳ ಮಟ್ಟಿಗೆ ಬಂದಿದ್ದ ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ ಊರಿಗೆ ಮರಳಿದಾಗ ಮನಸ್ಸಿನಲ್ಲಿ ಒಂದು ಪ್ರಶ್ನೆಯನ್ನು ಹೊತ್ತುಕೊಂಡೇ ಹೋದರು. ಬರಿದಾಗುವುದು ಸೆರೊಟೊನಿನ್ ಒಂದೇ ಏನು?

ಅಲ್ಲವೆಂದು ಬೇಗನೆ ಗೊತ್ತಾಯಿತು. ನಾರ್‌ಅಡ್ರಿನಲಿನ್ ಕೂಡ ಬರಿದಾಗುತ್ತಿತ್ತು. ಹಾಗಾದರೆ ಪ್ರಾಣಿ ಮಂಕಾಗಲು ಕಾರಣ ಯಾವುದರ ಕೊರತೆ? 1957ರಲ್ಲಿ ಲುಂಡ್ ನಗರದಲ್ಲಿ ಕಾರ್ಲ್‌ಸನ್, ಮಾರ್ಗಿಟ್ ಲಿಂಡ್‌ಕ್ವಿಸ್ಟ್ ಮತ್ತು ಟೋರ್ ಮಾಗ್ನುಸನ್ ಸೇರಿ ಒಂದು ಸರಳ ಪ್ರಯೋಗ ಮಾಡಿದರು. ಮೊಲಗಳಿಗೆ ರೆಸರ್ಪೀನ್ ಕೊಟ್ಟರು. ಅವು ಕಿವಿ ಇಳಿಬಿಟ್ಟು, ಅಲುಗಾಡದೆ ಮುದುಡಿ ಬಿದ್ದವು. ಆಮೇಲೆ ಡೋಪಾ ಎಂಬ ವಸ್ತುವನ್ನು ಚುಚ್ಚಿದರು. ದೇಹ ಡೋಪಾದಿಂದ ಮೊದಲು ಡೋಪಮೀನನ್ನೂ, ಡೋಪಮೀನಿನಿಂದ ನಾರ್‌ಅಡ್ರಿನಲಿನ್ನನ್ನೂ ತಯಾರಿಸುತ್ತದೆ. ಸುಮಾರು ಕಾಲು ಗಂಟೆಯೊಳಗೆ ಮೊಲಗಳು ಕಿವಿ ನಿಮಿರಿಸಿ ಎದ್ದು ಕುಳಿತವು, ಓಡಾಡಿದವು, ಏನೂ ಆಗಿಯೇ ಇಲ್ಲವೆಂಬಂತೆ! ಸೆರೊಟೊನಿನ್ ತಯಾರಿಗೆ ಬೇಕಾದ ಕಚ್ಚಾವಸ್ತು ಕೊಟ್ಟಾಗ ಹೀಗಾಗಲಿಲ್ಲ.

ಎಲ್ಲರೂ ನಿರೀಕ್ಷಿಸಿದಂತೆ, ನಾರ್‌ಅಡ್ರಿನಲಿನ್ ಮತ್ತೆ ತುಂಬಿಕೊಂಡಿರಬೇಕು ಎಂದು ಅವರು ಮಿದುಳನ್ನು ಪರೀಕ್ಷಿಸಿದರು. ನಾರ್‌ಅಡ್ರಿನಲಿನ್ ಬಂದೇ ಇರಲಿಲ್ಲ! ಮೊಲವನ್ನು ಎಬ್ಬಿಸಿದ್ದು ‘ಮೆಟ್ಟಿಲು’ ಎಂದು ತಳ್ಳಿಹಾಕಿದ್ದ ಡೋಪಮೀನೇ ಇರಬೇಕು. 1958ರಲ್ಲಿ ಡೋಪಮೀನನ್ನು ಅಳೆಯುವ ಸೂಕ್ಷ್ಮ ವಿಧಾನವೊಂದನ್ನು ರೂಪಿಸಿ ಇದನ್ನೂ ತೋರಿಸಿಕೊಟ್ಟರು: ಸಹಜ ಮಿದುಳಿನಲ್ಲಿ ಡೋಪಮೀನ್ ಧಾರಾಳವಾಗಿದೆ, ರೆಸರ್ಪೀನ್ ಅದನ್ನು ಬರಿದು ಮಾಡುತ್ತದೆ, ಡೋಪಾ ಮತ್ತೆ ತುಂಬುತ್ತದೆ. ಮರುವರ್ಷ ಅವರ ಶಿಷ್ಯರು, ಡೋಪಮೀನಿನ ಬಹುಪಾಲು ಚಲನೆಯನ್ನು ನಿಯಂತ್ರಿಸುವ ಭಾಗದಲ್ಲಿಯೇ ಸೇರಿಕೊಂಡಿದೆ ಎಂದು ಕಂಡರು. 1960ರಲ್ಲಿ ವಿಯೆನ್ನಾದ ಓಲೆ ಹಾರ್ನಿಕೀವಿಚ್, ಪಾರ್ಕಿನ್ಸನ್ ರೋಗದಿಂದ ಸತ್ತವರ ಮಿದುಳಿನ ಆ ಭಾಗದಲ್ಲಿ ಡೋಪಮೀನ್ ತೀರ ಕಡಿಮೆ ಇರುವುದನ್ನು ತೋರಿಸಿದರು. ಇಂದಿಗೂ ಆ ಕಾಯಿಲೆಯ ಮುಖ್ಯ ಔಷಧ ಡೋಪಾವೇ.

ಇಷ್ಟಾದರೂ 1960ರಲ್ಲಿ ಲಂಡನ್ನಿನಲ್ಲಿ ಸೇರಿದ ವಿದ್ವಾಂಸರ ಸಭೆಯಲ್ಲಿ ಕಾರ್ಲ್‌ಸನ್‌ಗೆ ಸಿಕ್ಕಿದ್ದು ಅನುಮಾನದ ಸ್ವಾಗತ. ನರಕೋಶಗಳು ಪರಸ್ಪರ ಮಾತಾಡುವುದು ವಿದ್ಯುತ್ತಿನಿಂದ, ರಾಸಾಯನಿಕಗಳಿಂದಲ್ಲ ಎಂದು ನಂಬಿದವರು ಆಗಲೂ ಹಲವರಿದ್ದರು. ನೊಬೆಲ್ ಪ್ರಶಸ್ತಿ ಅವರನ್ನು ಹುಡುಕಿಕೊಂಡು ಬಂದದ್ದು 2000ದಲ್ಲಿ. ಆ ವೇಳೆಗೆ ಅವರಿಗೆ ಎಪ್ಪತ್ತೇಳು ವರ್ಷ.

ಬಾಗಿಲಲ್ಲಿ ನಡೆಯುವುದೇನು?

ಈಗ ಉತ್ತೇಜಕಗಳಿಗೆ ಮರಳೋಣ. ಡೋಪಮೀನ್ ತಯಾರಿಸುವ ನರಕೋಶಗಳು ಮನುಷ್ಯನ ಮಿದುಳಿನಲ್ಲಿ ಇರುವುದು ಕೆಲವೇ ಲಕ್ಷ. ಒಟ್ಟು ನರಕೋಶಗಳು ಸುಮಾರು 8,600 ಕೋಟಿ. ಆದರೆ ಆ ಕೆಲವೇ ಕೋಶಗಳ ಎಳೆಗಳು ದೂರದೂರಕ್ಕೆ ಹರಡಿಕೊಂಡಿವೆ. ಎಳೆಯ ತುದಿಯನ್ನು ಒಂದು ದಿನಸಿ ಅಂಗಡಿಯೆಂದು ಕಲ್ಪಿಸಿಕೊಳ್ಳಿ. ಒಳಗೆ ಡೋಪಮೀನ್ ತುಂಬಿದ ಪುಟ್ಟ ಚೀಲಗಳಿವೆ. ಸಂದೇಶ ಬಂದಾಗ ಕೆಲವು ಚೀಲಗಳು ಬಾಯ್ತೆರೆದು ಡೋಪಮೀನನ್ನು ಹೊರಗಿನ ಕಿರಿದಾದ ಸಂದಿಗೆ ಸುರಿಯುತ್ತವೆ. ಎದುರಿನ ನರಕೋಶದ ಮೇಲಿರುವ ಗ್ರಾಹಕಗಳಿಗೆ ಅದು ತಗಲುತ್ತದೆ, ಸಂದೇಶ ದಾಟುತ್ತದೆ. ಕೆಲಸ ಮುಗಿದ ಡೋಪಮೀನನ್ನು ಅಂಗಡಿಯ ಬಾಗಿಲಲ್ಲೇ ಇರುವ ಒಂದು ಸಾಗಣೆ ಪ್ರೋಟೀನು ಮತ್ತೆ ಒಳಗೆಳೆದುಕೊಳ್ಳುತ್ತದೆ. ಒಳಗೆ ಬಂದದ್ದನ್ನು ಇನ್ನೊಂದು ಪ್ರೋಟೀನು ಚೀಲಗಳಿಗೆ ತುಂಬುತ್ತದೆ. ಸರ್ಪಗಂಧದ ರೆಸರ್ಪೀನ್ ತಡೆಯುವುದು ಈ ಚೀಲ ತುಂಬುವ ಕೆಲಸವನ್ನು. ಚೀಲದ ಹೊರಗೆ ಉಳಿದ ಡೋಪಮೀನ್ ಕೋಶದೊಳಗೇ ನಾಶವಾಗುತ್ತದೆ; ಅಂಗಡಿ ಬರಿದಾಗುತ್ತದೆ.

ಕೊಕೇನ್ ಬಂದು ಕೂರುವುದು ಬಾಗಿಲಲ್ಲಿ. ಹೊರಹೋದ ಡೋಪಮೀನನ್ನು ಅದು ಒಳಗೆ ಬರಗೊಡುವುದಿಲ್ಲ. ಕ್ಷಣಮಾತ್ರದಲ್ಲಿ ಮುಗಿಯಬೇಕಾದ ಸಂದೇಶ ಮತ್ತೆ ಮತ್ತೆ ತಗಲುತ್ತಲೇ ಇರುತ್ತದೆ. ಆಂಫೆಟಮೀನಿನ ರೀತಿ ಇನ್ನೂ ಕಪಟದ್ದು. ಅದು ಡೋಪಮೀನಿನಂಥದೇ ಆಕಾರದ್ದಾದ್ದರಿಂದ ಅದೇ ಬಾಗಿಲಿನಿಂದ ಒಳನುಗ್ಗುತ್ತದೆ, ಚೀಲಗಳಲ್ಲಿದ್ದ ಡೋಪಮೀನನ್ನು ಹೊರಚೆಲ್ಲಿಸುತ್ತದೆ, ಕೊನೆಗೆ ಬಾಗಿಲನ್ನೇ ತಿರುವುಮುರುವು ಓಡಿಸುತ್ತದೆ. ಒಳಗೆಳೆಯಬೇಕಾದ ಪ್ರೋಟೀನು ಹೊರತಳ್ಳತೊಡಗುತ್ತದೆ. ಸಂದೇಶ ಬರಲಿ ಬಾರದಿರಲಿ, ಸರಕು ಬೀದಿಗೆ.

ಇದು ಊಹೆಯಲ್ಲ ಎಂದು ತಿಳಿದದ್ದು ಹೇಗೆ? ಇಲ್ಲಿಯೂ ರೆಸರ್ಪೀನ್ ನೆರವಿಗೆ ಬಂತು. ಮೊದಲೇ ರೆಸರ್ಪೀನ್ ಕೊಟ್ಟು ಚೀಲ ಬರಿದು ಮಾಡಿದ ಪ್ರಾಣಿಗೆ ಕೊಕೇನ್ ಕೊಟ್ಟರೆ ಅದು ಚುರುಕಾಗದು. ಚೀಲದಿಂದ ಬರುವುದೇ ಇಲ್ಲದ ಮೇಲೆ ಬಾಗಿಲು ಕಾದು ಏನು ಪ್ರಯೋಜನ? ಆಂಫೆಟಮೀನ್ ಕೊಟ್ಟರೆ ಮಾತ್ರ ಚುರುಕಾಗುತ್ತದೆ, ಏಕೆಂದರೆ ಆಗಷ್ಟೇ ತಯಾರಾಗಿ ಇನ್ನೂ ಚೀಲ ಸೇರದ ಡೋಪಮೀನನ್ನೂ ಅದು ಹೊರದಬ್ಬಬಲ್ಲದು. ಡೋಪಮೀನಿನ ತಯಾರಿಯನ್ನೇ ತಡೆದರೆ ಆಂಫೆಟಮೀನಿನ ಆಟವೂ ನಿಲ್ಲುತ್ತದೆಂದು 1966ರಲ್ಲಿ ಇಲಿಗಳಲ್ಲಿ ಕಂಡುಬಂತು. ಕೆಲವೇ ವರ್ಷಗಳಲ್ಲಿ ಸ್ವೀಡನ್ನಿನ ಲಾರ್ಸ್-ಮಾಗ್ನಸ್ ಗುನ್ನೆ ಮತ್ತು ಸಂಗಡಿಗರು ಆಂಫೆಟಮೀನ್ ವ್ಯಸನಿಗಳಲ್ಲೂ ಅದನ್ನೇ ಕಂಡರು. ತಯಾರಿ ತಡೆಯುವ ಮದ್ದನ್ನು ಮೊದಲು ಕೊಟ್ಟಾಗ ಅಮಲಿನ ಹಿತ ತಗ್ಗಿತು. 1987ರಲ್ಲಿ, ಕೊಕೇನನ್ನು ಹೋಲುವ ಹಲವು ವಸ್ತುಗಳನ್ನು ತುಲನೆ ಮಾಡಿ, ಡೋಪಮೀನ್ ಬಾಗಿಲಿಗೆ ಅಂಟುವ ಬಲ ಹೆಚ್ಚಿದಷ್ಟೂ ಪ್ರಾಣಿಗಳು ಅದನ್ನು ಬೇಡುವುದೂ ಹೆಚ್ಚು ಎಂದು ಅಮೆರಿಕದಲ್ಲಿ ತೋರಿಸಿದರು.

1996ರಲ್ಲಿ ಆ ಬಾಗಿಲಿನ ಪ್ರೋಟೀನೇ ಇಲ್ಲದ ಇಲಿಗಳನ್ನು ಸೃಷ್ಟಿಸಲಾಯಿತು. ಅವು ಹುಟ್ಟಿನಿಂದಲೇ ಮಿತಿಮೀರಿ ಓಡಾಡುತ್ತಿದ್ದವು. ಕೊಕೇನಾಗಲಿ ಆಂಫೆಟಮೀನಾಗಲಿ ಅವುಗಳ ಓಡಾಟವನ್ನು ಇನ್ನಷ್ಟು ಹೆಚ್ಚಿಸಲಿಲ್ಲ. ಒಗಟು ಬಿಡಿಸಿತೆಂದು ಎಲ್ಲರೂ ಅಂದುಕೊಂಡರು. ಎರಡೇ ವರ್ಷಗಳಲ್ಲಿ, ಅಂಥ ಇಲಿಗಳೂ ಕೊಕೇನನ್ನು ಬಯಸಿ ತೆಗೆದುಕೊಳ್ಳುತ್ತವೆ ಎಂಬ ವರದಿ ಬಂತು! ಈ ಔಷಧಗಳು ಸೆರೊಟೊನಿನ್, ನಾರ್‌ಅಡ್ರಿನಲಿನ್ ಬಾಗಿಲುಗಳನ್ನೂ ತಟ್ಟುತ್ತವೆ. ಡೋಪಮೀನ್ ಮುಖ್ಯ ಪಾತ್ರಧಾರಿ, ಆದರೆ ರಂಗದ ಮೇಲೆ ಅದೊಂದೇ ಇಲ್ಲ.

ನಮ್ಮ ಕಾಫಿಯೂ ಉತ್ತೇಜಕವಲ್ಲವೇ ಎಂದು ಚಿಕ್ಕಮಗಳೂರು, ಕೊಡಗಿನ ಓದುಗರು ಕೇಳಬಹುದು. ಉತ್ತೇಜಕವೇ. ಆದರೆ ಕೆಫೀನ್ ಈ ಬಾಗಿಲಿಗೆ ಬರುವುದಿಲ್ಲ. ದಣಿವಿನ ಸೂಚನೆ ಕೊಡುವ ಅಡಿನೊಸಿನ್ ಎಂಬ ಬೇರೆ ರಾಸಾಯನಿಕದ ಗ್ರಾಹಕವನ್ನು ಅದು ಮುಚ್ಚುತ್ತದೆ. ಹೆಸರು ಒಂದೇ ಗುಂಪಿನದಾದರೂ ಎರಡನ್ನೂ ಒಂದೇ ತಕ್ಕಡಿಗೆ ಹಾಕಬಾರದು.

ಈ ಎಲ್ಲದರಿಂದ ಒಂದು ಮಾತು ಸ್ಪಷ್ಟ. ಉತ್ತೇಜಕದಲ್ಲಿ ಶಕ್ತಿಯೂ ಇಲ್ಲ, ಸಂತೋಷವೂ ಇಲ್ಲ. ಅದು ಹೊರಗಿನಿಂದ ಒಂದು ಹನಿ ಡೋಪಮೀನನ್ನೂ ತರುವುದಿಲ್ಲ. ನಿಮ್ಮ ನರಕೋಶ ತಾನೇ ತಯಾರಿಸಿಟ್ಟದ್ದನ್ನು ಅದು ಅಕಾಲದಲ್ಲಿ ಖರ್ಚು ಮಾಡಿಸುತ್ತದೆ. ದಣಿವು ಮಾಯವಾಗಿರುವುದಿಲ್ಲ, ದಣಿವಿನ ಅರಿವು ಮಾತ್ರ ಮಾಯವಾಗಿರುತ್ತದೆ. 1967ರ ಜುಲೈ 13ರಂದು ಫ್ರಾನ್ಸಿನ ಸೈಕಲ್ ಪಂದ್ಯದಲ್ಲಿ, ಉರಿಬಿಸಿಲಿನಲ್ಲಿ ಮೋಂ ವಾಂತೂ ಪರ್ವತವನ್ನು ಏರುತ್ತಿದ್ದ ಇಂಗ್ಲಿಷ್ ಸವಾರ ಟಾಮ್ ಸಿಂಪ್ಸನ್ ಕುಸಿದು ಸತ್ತರು. ದೇಹದಲ್ಲಿ ಆಂಫೆಟಮೀನ್ ಇತ್ತು. ನಿಲ್ಲು ಎಂದು ಮೈ ಹೇಳಬೇಕಾದ ಹೊತ್ತಿನಲ್ಲಿ ಆ ಮಾತು ಅವರಿಗೆ ಕೇಳಿಸಲಿಲ್ಲ ಎಂದೇ ತಿಳಿಯಬೇಕು.

ಸುಖವೋ, ಹಂಬಲವೋ?

‘ಸಂತೋಷದ ರಾಸಾಯನಿಕ’ ಎಂಬ ಬಿರುದಿನ ಮೂಲ 1954ರ ಒಂದು ಪ್ರಯೋಗ. ಕೆನಡಾದ ಮಾಂಟ್ರಿಯಲ್ಲಿನಲ್ಲಿ ಜೇಮ್ಸ್ ಓಲ್ಡ್ಸ್ ಮತ್ತು ಪೀಟರ್ ಮಿಲ್ನರ್ ಇಲಿಯ ಮಿದುಳಿಗೆ ಸಣ್ಣ ತಂತಿ ಇಳಿಸಿ, ಸನ್ನೆ ಒತ್ತಿದರೆ ಅಲ್ಲಿಗೆ ವಿದ್ಯುತ್ತು ಹರಿಯುವಂತೆ ಮಾಡಿದರು. ಕೆಲವು ಜಾಗಗಳಲ್ಲಿ ತಂತಿಯಿದ್ದ ಇಲಿಗಳು ಗಂಟೆಗೆ ನೂರಾರು ಬಾರಿ ಸನ್ನೆ ಒತ್ತಿದವು. ಆ ಹಾದಿಗಳಲ್ಲಿ ಡೋಪಮೀನಿನ ಪಾತ್ರ ದೊಡ್ಡದೆಂದು ಮುಂದೆ ತಿಳಿಯಿತು. 1988ರಲ್ಲಿ ಇಟಲಿಯ ದಿ ಕಿಯಾರಾ ಮತ್ತು ಇಂಪೆರಾಟೊ, ಆಂಫೆಟಮೀನ್, ಕೊಕೇನ್ ಮಾತ್ರವಲ್ಲದೆ ಮಾರ್ಫೀನ್, ಮದ್ಯ, ನಿಕೋಟಿನ್ ಸಹ ಇಲಿಯ ಮಿದುಳಿನ ಒಂದೇ ಭಾಗದಲ್ಲಿ ಡೋಪಮೀನನ್ನು ಏರಿಸುವುದನ್ನು ಅಳೆದು ತೋರಿಸಿದರು. ಹಾಗಾದರೆ ಡೋಪಮೀನೇ ಸುಖ ಎಂಬ ತೀರ್ಮಾನ ಸುಲಭವಾಗಿ ಹುಟ್ಟಿತು.

ಆದರೆ ಅದು ನಿಲ್ಲಲಿಲ್ಲ. ಡೋಪಮೀನ್ ಎಳೆಗಳನ್ನು ಬಹುತೇಕ ನಾಶ ಮಾಡಿದ ಇಲಿಗಳ ನಾಲಗೆಗೆ ಸಕ್ಕರೆ ನೀರು ಹಾಕಿದಾಗ ಅವು ಹಿಂದಿನಂತೆಯೇ ಬಾಯಿ ಚಪ್ಪರಿಸಿದವು ಎಂದು ಅಮೆರಿಕದ ಕೆಂಟ್ ಬೆರಿಡ್ಜ್ ಕಂಡರು. ಸಿಹಿ ಸಿಹಿಯಾಗಿಯೇ ಇತ್ತು. ಎದ್ದು ಹೋಗಿ ಅದನ್ನು ಪಡೆಯಬೇಕೆಂಬ ಹಂಬಲ ಮಾತ್ರ ಇರಲಿಲ್ಲ. ಸ್ವಿಟ್ಜರ್ಲೆಂಡಿನಲ್ಲಿ ವೋಲ್ಫ್‌ರಾಮ್ ಷುಲ್ಟ್ಸ್ ಮಂಗಗಳ ಡೋಪಮೀನ್ ಕೋಶಗಳಿಗೆ ಕಿವಿಗೊಟ್ಟು ಕುಳಿತರು. ಹಣ್ಣಿನ ರಸ ಅನಿರೀಕ್ಷಿತವಾಗಿ ಸಿಕ್ಕಿದಾಗ ಕೋಶಗಳು ಮಿಡಿದವು. ದೀಪ ಹೊತ್ತಿದರೆ ರಸ ಬರುತ್ತದೆಂದು ಮಂಗ ಕಲಿತ ಮೇಲೆ, ದೀಪಕ್ಕೆ ಮಿಡಿದವು, ರಸಕ್ಕಲ್ಲ. ದೀಪ ಹೊತ್ತಿಯೂ ರಸ ಬಾರದಿದ್ದರೆ ಸುಮ್ಮನಾದವು. ‘ನೆನೆದುದಕ್ಕಿಂತ ಒಳ್ಳೆಯದು ಬಂತು, ಗುರುತಿಟ್ಟುಕೋ’ ಎಂದು ಮಿದುಳಿಗೆ ಪಾಠ ಹೇಳುವ ಸೂಚನೆ ಇದು ಎಂದು 1997ರಲ್ಲಿ ಅವರು ಇಬ್ಬರು ಗಣಿತಜ್ಞ ಸಹೋದ್ಯೋಗಿಗಳೊಂದಿಗೆ ವಿವರಿಸಿದರು.

ಇನ್ನು ಕೊಕೇನನ್ನು ಇಲ್ಲಿಟ್ಟು ನೋಡಿ. ಊಟದ ಸವಿ ಅಭ್ಯಾಸವಾದಂತೆ ಡೋಪಮೀನಿನ ಮಿಡಿತ ತಣ್ಣಗಾಗುತ್ತದೆ. ಉತ್ತೇಜಕ ಬಾಗಿಲನ್ನೇ ಹಿಡಿದಿರುವುದರಿಂದ ಪ್ರತಿ ಸಲವೂ ಡೋಪಮೀನ್ ಏರುತ್ತದೆ. ‘ಗುರುತಿಟ್ಟುಕೋ’ ಎಂಬ ಪಾಠ ಮುಗಿಯುವುದೇ ಇಲ್ಲ. ಹಿತ ದಿನೇ ದಿನೇ ಕುಗ್ಗುತ್ತಿದ್ದರೂ ಹಂಬಲ ಏರುತ್ತಲೇ ಹೋಗುವುದು ಇದರಿಂದ. ‘ಅದರಿಂದ ಈಗ ಏನೂ ಸುಖವಿಲ್ಲ, ಆದರೂ ಬಿಡಲಾಗುತ್ತಿಲ್ಲ’ ಎಂದು ವ್ಯಸನಿಗಳು ಹೇಳುವ ಮಾತನ್ನು ನಾವು ನೆಪವೆಂದು ತಳ್ಳಿಹಾಕುತ್ತ ಬಂದೆವು. ಅದು ಅವರ ಮಿದುಳಿನ ನಿಜಸ್ಥಿತಿಯ ವರದಿ.

ಅದೇ ಬಾಗಿಲು, ಬೇರೆ ವೇಗ

ಇಷ್ಟನ್ನು ಓದಿದ ತಾಯಿ ತಂದೆಯರಲ್ಲಿ ಕೆಲವರಿಗೆ ಗಾಬರಿಯಾಗಬಹುದು. ಗಮನದ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆಯಿರುವ ಮಕ್ಕಳಿಗೆ ವೈದ್ಯರು ಬರೆದುಕೊಡುವ ಮೀಥೈಲ್‌ಫೆನಿಡೇಟ್ ಎಂಬ ಔಷಧ ಕೂರುವುದೂ ಕೊಕೇನ್ ಕೂರುವ ಬಾಗಿಲಿನಲ್ಲಿಯೇ. ಸೀಬಾ ಕಂಪನಿಯ ಲಿಯಾಂದ್ರೊ ಪನಿಜೋನ್ 1944ರಲ್ಲಿ ತಯಾರಿಸಿದ ವಸ್ತು ಇದು. ಹೆಂಡತಿಯ ಮುದ್ದಿನ ಹೆಸರು ‘ರೀಟಾ’ ಎಂಬುದರಿಂದ ಅದಕ್ಕೆ ‘ರಿಟಲಿನ್’ ಎಂಬ ವ್ಯಾಪಾರದ ಹೆಸರು ಬಂತು. ರೆಸರ್ಪೀನ್ ಹೊರತಂದ ಕಂಪನಿಯಿಂದಲೇ ಇದೂ ಬಂದದ್ದು ಒಂದು ಕಾಕತಾಳೀಯ.

ಹಾಗಾದರೆ ಮದ್ದಿಗೂ ಮಾದಕಕ್ಕೂ ವ್ಯತ್ಯಾಸವೇನು? 1990ರ ದಶಕದಲ್ಲಿ ನ್ಯೂಯಾರ್ಕ್ ರಾಜ್ಯದ ಬ್ರೂಕ್‌ಹೇವನ್ ಪ್ರಯೋಗಶಾಲೆಯಲ್ಲಿ ನೋರಾ ವೋಲ್ಕೋ ಮತ್ತು ಸಂಗಡಿಗರು ಜೀವಂತ ಮನುಷ್ಯರ ಮಿದುಳನ್ನು ಪೆಟ್ ಸ್ಕ್ಯಾನ್ ಮಾಡಿ ಇದನ್ನು ಪರಿಶೀಲಿಸಿದರು. ವೈದ್ಯರು ಹೇಳಿದ ಪ್ರಮಾಣದ ಮಾತ್ರೆ ಅರ್ಧಕ್ಕೂ ಹೆಚ್ಚು ಬಾಗಿಲುಗಳನ್ನು ಹಿಡಿಯುತ್ತದೆ. ಆದರೆ ನುಂಗಿದ ಮಾತ್ರೆ ಅಲ್ಲಿಗೆ ತಲಪಲು ಒಂದು ಗಂಟೆಗೂ ಮೀರಿ ಬೇಕು. ಡೋಪಮೀನ್ ಮೆಲ್ಲಗೆ ಏರಿ ಮೆಲ್ಲಗೆ ಇಳಿಯುತ್ತದೆ. ರಕ್ತನಾಳಕ್ಕೆ ಚುಚ್ಚಿದಾಗ ಇಲ್ಲವೇ ಹೊಗೆಯಾಗಿ ಸೇದಿದಾಗ ಕೊಕೇನ್ ಅಲ್ಲಿಗೆ ತಲಪುವುದು ಕೆಲವೇ ನಿಮಿಷಗಳೊಳಗೆ. ಅಮಲು ಹುಟ್ಟಿಸುವುದು ಆ ಹಠಾತ್ ಏರಿಕೆ. ಕೋಕಾ ಎಲೆ ಅಗಿದ ಆಂಡೀಸಿನ ರೈತನಿಗೂ ಫ್ರಾಯ್ಡರ ಗೆಳೆಯನಿಗೂ ಇದ್ದ ಅಂತರ ಇದೇ. ಬ್ರಾಡ್ಲಿಯವರ ‘ಲೆಕ್ಕದ ಮಾತ್ರೆ’ಯ ಒಗಟೂ ಸ್ವಲ್ಪಮಟ್ಟಿಗೆ ಬಿಡಿಸಿದಂತಾಗುತ್ತದೆ. ಅಲ್ಪ ಪ್ರಮಾಣದಲ್ಲಿ ನಿಧಾನವಾಗಿ ಏರಿದ ಡೋಪಮೀನ್ ಮತ್ತು ನಾರ್‌ಅಡ್ರಿನಲಿನ್, ಕೈಯಲ್ಲಿರುವ ಕೆಲಸವನ್ನು ಮನಸ್ಸಿಗೆ ಮುಖ್ಯವಾಗಿಸುತ್ತವೆ. ಚದುರುವ ಗಮನ ನಿಲ್ಲುತ್ತದೆ.

ಆದ್ದರಿಂದ ತಜ್ಞರು ಪರೀಕ್ಷಿಸಿ ಬರೆದುಕೊಟ್ಟ ಮದ್ದನ್ನು ಹೆದರಿ ನಿಲ್ಲಿಸಬೇಕಾಗಿಲ್ಲ. ಅದೇ ಮಾತ್ರೆಯನ್ನು ಪರೀಕ್ಷೆಯ ಹಿಂದಿನ ರಾತ್ರಿ ಗೆಳೆಯನಿಂದ ಕೇಳಿ ಪಡೆಯುವುದು, ಪುಡಿ ಮಾಡಿ ಸೇದುವುದು ಬೇರೆಯೇ ಮಾತು. ನಮ್ಮ ದೇಶದ 1985ರ ಮಾದಕ ದ್ರವ್ಯ ಕಾಯಿದೆಯ ಅಡಿಯಲ್ಲಿ ಆಂಫೆಟಮೀನ್, ಮೆಥಾಂಫೆಟಮೀನ್‌ಗಳ ಜೊತೆ ಮೀಥೈಲ್‌ಫೆನಿಡೇಟ್ ಕೂಡ ನಿಯಂತ್ರಿತ ವಸ್ತು.

ಸುದೀರ್ಘ ಕಾಲ ಉತ್ತೇಜಕ ಬಳಸಿದವರ ಮಿದುಳಿನಲ್ಲಿ ಏನಾ­ಗುತ್ತದೆಂಬುದನ್ನೂ ಇದೇ ವೋಲ್ಕೋ ತಂಡ ನೋಡಿದೆ. ಕೊಕೇನ್ ವ್ಯಸನಿಗಳಲ್ಲಿ ಡೋಪಮೀನಿನ ಒಂದು ಬಗೆಯ ಗ್ರಾಹಕಗಳು ಬಿಟ್ಟು ತಿಂಗಳುಗಳಾದ ಮೇಲೂ ಕಡಿಮೆಯಾಗಿಯೇ ಕಂಡವು. ಸಂಗೀತ, ಊಟ, ಮಕ್ಕಳ ಮಾತು ಇವೆಲ್ಲ ಅವರಿಗೆ ಸಪ್ಪೆಯೆನಿಸುವುದಕ್ಕೆ ಇದೂ ಒಂದು ಕಾರಣವಿರಬೇಕು. ಮನೆಯವರು ಇದನ್ನು ಪ್ರೀತಿಯ ಕೊರತೆ ಎಂದು ತಿಳಿದು ನೋಯುವುದುಂಟು. 2001ರಲ್ಲಿ ಅವರು ಮೆಥಾಂಫೆಟಮೀನ್ ಬಿಟ್ಟ ಐವರನ್ನು ಎರಡು ಬಾರಿ ಸ್ಕ್ಯಾನ್ ಮಾಡಿದ ವರದಿ ಪ್ರಕಟಿಸಿದರು. ಬಿಟ್ಟ ಹೊಸತರಲ್ಲಿ ಡೋಪಮೀನ್ ಬಾಗಿಲುಗಳ ಸಂಖ್ಯೆ ಬಹಳ ಕುಸಿದಿತ್ತು. ಹನ್ನೆರಡರಿಂದ ಹದಿನೇಳು ತಿಂಗಳು ಮುಟ್ಟದೆ ಇದ್ದ ಮೇಲೆ ನೋಡಿದಾಗ ಅವು ಗಣನೀಯವಾಗಿ ಮರಳಿ ಬಂದಿದ್ದವು. ನೆನಪಿನ ಮತ್ತು ಕೈಕಾಲಿನ ಚಲನೆಯ ಪರೀಕ್ಷೆಗಳಲ್ಲಿ ಮಾತ್ರ ಅಷ್ಟೇ ಮಟ್ಟದ ಚೇತರಿಕೆ ಆಗ ಇನ್ನೂ ಕಂಡಿರಲಿಲ್ಲ.